ಮತ್ಕುಣ ಮಹಾಶಯರ ಅಭಿಪ್ರಾಯ

ರಾತ್ರಿಪಾಳಿಯಲ್ಲಿ ದುಡಿಯುವವರು ತಮ್ಮ ವಿರಾಮದ ಅವಧಿಯಲ್ಲಿ ನಿದ್ರಿಸಬಹುದೇ ಎಂಬ ಪ್ರಶ್ನೆಯನ್ನು, ಹಗಲಿನಲ್ಲಿ ದುಡಿದು ರಾತ್ರಿ ಹೊತ್ತಿಗೆ ಸರಿಯಾಗಿ ಹಾಸಿಗೆ ಸೇರುವ ಮಹನೀಯರು ಬೆಳಗಿನ ಕಾಫಿಯಾದ ತರುವಾಯ ಸಭೆ ಸೇರಿ ನಿರ್ಣಯಿಸುವುದು ಲೋಕರೂಢಿಯಾಗಿರುವುದರಿಂದ, ಆ ಅಪರಾತ್ರಿಯಲ್ಲಿ ಸ್ವತಃ ಎಚ್ಚರವಿದ್ದು ನಿದ್ರಿತರನ್ನು ಅತ್ಯಂತ ಸಮೀಪದಿಂದ ಪರಿಶೀಲಿಸಿದ ಯಾರಾದರೊಬ್ಬರ ಸಾಕ್ಷ್ಯವನ್ನು ಸಂಗ್ರಹಿಸುವುದು ಯುಕ್ತವೆಂದು ನನಗೆ ತೋರಿತು. ಮೇಸ್ತ್ರಿಗಳು ಪಕ್ಷಪಾತಿಗಳು, ಕಾರ್ಮಿಕ ಮುಖಂಡರೂ ಹಾಗೆಯೇ, ಇನ್ನು ವೈದ್ಯರಾದರೋ ರಾತ್ರಿಪಾಳಿಯಲ್ಲಿದ್ದರೆ ತಾವೇ ಆರೋಪಿಗಳಾಗುವ ಸಂಭವವುಂಟು. ಉಳಿದದ್ದು ತಿಗಣೆಯೊಂದೇ.

ಬೆಂಗಳೂರಿನ ಹೊರವಲಯದಲ್ಲಿರುವ ಒಂದು ಸಾಫ್ಟ್‌ವೇರ್ ಸಂಸ್ಥೆಯ ಹೆಬ್ಬಾಗಿಲ ಬಳಿ ಕಾವಲುಗಾರರಿಗಾಗಿ ನಿಲ್ಲಿಸಿದ ತಗಡಿನ ಕೊಠಡಿಯಲ್ಲಿ ಉದ್ದನೆಯದೊಂದು ಮರದ ಬೆಂಚಿದೆ. ದಾವಣಗೆರೆಯು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಅಲ್ಲಿಯ ಹತ್ತಿಗಿರಣಿಯೊಂದರ ವಿಶ್ರಾಂತಿ ಕೊಠಡಿಯನ್ನು ಅಲಂಕರಿಸಿದ್ದ ಈ ಪೀಠವು, ಗಿರಣಿ ಮುಚ್ಚಿ ಸಾಮಾನುಗಳೆಲ್ಲ ಹರಾಜಾದಾಗ ಕೈಯಿಂದ ಕೈಗೆ ದಾಟುತ್ತ ಇಲ್ಲಿಗೆ ಬಂದಿತು. ಅದರ ಸಂದುಗಳಲ್ಲಿ ವಂಶಪಾರಂಪರ್ಯವಾಗಿ ನೆಲೆಸಿದ್ದ ಮತ್ಕುಣಕುಲವೂ, ಹರಾಜಿನ ಯಾವ ಪಟ್ಟಿಯಲ್ಲಿಯೂ ನಮೂದಾಗದೆ, ಜೊತೆಯಲ್ಲಿಯೇ ಬಂದಿತು. ಆ ಕುಲದ ಹಿರಿಯರು ಬೆಳಗಿನ ಜಾವ ಮೂರೂವರೆಗೆ ಮುಂಚೆ ಯಾರಿಗೂ ದರ್ಶನ ಕೊಡುವವರಲ್ಲ. ಕಾವಲುಗಾರನು ಗೇಟು ತೆರೆಯಲು ಹೋಗಿದ್ದ ಹೊತ್ತು ನೋಡಿ ಅವರನ್ನು ಕಂಡೆನು.

ನಾನು: ಮಹಾಶಯರೇ, ಈ ವಿಷಯದಲ್ಲಿ ಅಭಿಪ್ರಾಯ ಕೊಡಲು ತಮಗಿರುವ ಅರ್ಹತೆ ಏನೆಂಬುದನ್ನು ಮೊದಲು ತಿಳಿಸಬೇಕು.

ಮತ್ಕುಣರು: ನಾನೂ ರಾತ್ರಿಪಾಳಿಯವನೇ, ಸ್ವಾಮಿ. ಹಗಲೆಲ್ಲ ಸಂದಿನಲ್ಲಿ ಅಡಗಿದ್ದು, ಮನುಷ್ಯರ ನಿದ್ರೆ ಗಾಢವಾಗುವ ಬೆಳಗಿನ ಜಾವಕ್ಕೆ ಎದ್ದು, ಅವರ ಉಸಿರಿನ ಇಂಗಾಲಾಮ್ಲದ ಜಾಡನ್ನೂ ಮೈಯ ಬಿಸಿಯನ್ನೂ ಹಿಡಿದು ನಡೆದು, ಐದು ಹತ್ತು ನಿಮಿಷಗಳಲ್ಲಿ ಊಟ ಮುಗಿಸಿ ಹಿಂದಿರುಗುವುದು ನನ್ನ ದಿನಚರಿ. ಇಂಥ ಊಟ ವಾರಕ್ಕೊಂದು ದೊರೆತರೆ ಸಂತೋಷ. ದೊರೆಯದಿದ್ದರೆ ತಿಂಗಳುಗಟ್ಟಲೆ ಉಪವಾಸವಿರಬಲ್ಲೆನು. ಇಂತಹ ನೌಕರನನ್ನು ತಮ್ಮ ಆಡಳಿತ ಮಂಡಳಿಗಳು ಇನ್ನೂ ಹುಡುಕುತ್ತಲೇ ಇವೆಯೆಂದು ಕೇಳಿದ್ದೇನೆ.

ನಾನು: ಆದರೆ ಜನರು ಮಲಗುವುದರಲ್ಲಿ ತಮಗೆ ಲಾಭವಿರುವುದರಿಂದ, ತಮ್ಮ ಸಾಕ್ಷ್ಯವು ಪಕ್ಷಪಾತದ್ದೆಂದು ಕೆಲವರು ತಳ್ಳಿಹಾಕಬಹುದು.

ಮತ್ಕುಣರು: ಲಾಭವಿಲ್ಲವೆಂದು ನಾನೆಲ್ಲಿ ಹೇಳಿದೆ? ದೇವತೆಗಳು ಶಯನಸ್ಥಾನಗಳನ್ನು ಆರಿಸಿಕೊಂಡದ್ದರಲ್ಲಿಯೂ ನಮ್ಮವರ ಭಯವನ್ನು ಕಂಡ ಚಾಟುಕವಿ ಸಂಸ್ಕೃತದಲ್ಲಿದ್ದಾನೆ; ಕುಲದ ಕೀರ್ತಿಯನ್ನು ಮುಚ್ಚಿಟ್ಟುಕೊಳ್ಳುವ ಅಗತ್ಯ ನನಗಿಲ್ಲ. ಆದರೆ ನೌಕರರು ಎಚ್ಚರವಾಗಿಯೇ ಇರತಕ್ಕದ್ದೆಂದು ಸುತ್ತೋಲೆ ಹೊರಡಿಸುವವರಿಗೆ ಅದರಿಂದ ಆಗುವ ಲಾಭವೇನೆಂದು ತಾವು ಇದೇ ಲೇಖನಿಯಿಂದ ಎಂದಾದರೂ ಕೇಳಿ ಬರೆದುಕೊಂಡದ್ದುಂಟೇ?

ನಾನು ವಿಷಯವನ್ನು ಕಾನೂನಿನ ಕಡೆಗೆ ತಿರುಗಿಸಿದೆನು.

ಮತ್ಕುಣರು: ನಮ್ಮ ಗಿರಣಿಯ ಕಾಲಕ್ಕೆ 1948ರ ಕಾರ್ಖಾನೆ ಕಾಯಿದೆಯಿತ್ತು. ಐದು ಗಂಟೆಗಳಿಗಿಂತ ಹೆಚ್ಚು ಕಾಲ ಒಂದೇ ಸಮನೆ ದುಡಿಸಕೂಡದು, ನಡುವೆ ಕನಿಷ್ಠ ಅರ್ಧ ಗಂಟೆಯ ವಿರಾಮ ಕೊಡತಕ್ಕದ್ದು, 150ಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ವಿಶ್ರಾಂತಿ ಕೊಠಡಿಯಿರತಕ್ಕದ್ದು ಎಂದು ಅದು ವಿಧಿಸಿತ್ತು. ನಾವು ಕುಳಿತಿರುವ ಈ ಬೆಂಚು ಆ ಕಲಮಿನ ಸಂತಾನ. ಕೊಠಡಿಯನ್ನು ತಂಪಾಗಿಯೂ ಶುಚಿಯಾಗಿಯೂ ಇಟ್ಟಿರಬೇಕೆಂಬ ಮಾತೂ ಅದರಲ್ಲಿತ್ತು. ನಮ್ಮ ಪುಣ್ಯಕ್ಕೆ ಅಷ್ಟು ದೂರ ಯಾರೂ ಓದಲಿಲ್ಲ. ಅದಿರಲಿ, ಆ ಅರ್ಧ ಗಂಟೆಯನ್ನು ದುಡಿಮೆಯ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲವಾದ್ದರಿಂದ ಅದು ಕೆಲಸಗಾರನ ಸ್ವಂತ ಆಸ್ತಿಯೆಂದಾಯಿತು. ತನ್ನ ಹಿತ್ತಲಿನಲ್ಲಿ ತಾನು ಬದನೆ ಹಾಕಬೇಕೋ ಬೆಂಡೆ ಹಾಕಬೇಕೋ ಎಂದು ಶಾನುಭೋಗರ ಅಪ್ಪಣೆ ಕೇಳುವ ರೈತನನ್ನು ತಾವು ಕಂಡಿದ್ದೀರಾ?

ನಾನು: ಹಾಗಾದರೆ ಗಿರಣಿಯವರು ಆ ಅವಧಿಯಲ್ಲಿ ನಿಶ್ಚಿಂತೆಯಿಂದ ಮಲಗುತ್ತಿದ್ದರೆನ್ನಿ.

ಮತ್ಕುಣರು ನಕ್ಕರು, ಮೀಸೆಗಳೆರಡೂ ಅಲುಗಿದ್ದರಿಂದ ನಕ್ಕರೆಂದು ಊಹಿಸಿದೆನು.

ಮತ್ಕುಣರು: ಆ ಅರ್ಧ ಗಂಟೆಯ ವೃತ್ತಾಂತವನ್ನು ನಮ್ಮ ಮನೆಯಲ್ಲಿ ಪುರಾಣದಂತೆ ಹೇಳುತ್ತಾರೆ. ನೂಲುವ ಖಾತೆಯಿಂದ ಹೊರಬಿದ್ದ ಮನುಷ್ಯನು ತಲೆ, ಹುಬ್ಬು, ಮೀಸೆಗಳ ಮೇಲೆ ಕುಳಿತ ಅರಳೆಯ ನವಿರನ್ನು ಕೊಡವಿಕೊಂಡು, ನಲ್ಲಿಯ ಮುಂದಿನ ಸಾಲಿನಲ್ಲಿ ನಿಂತು ಕೈಕಾಲು ತೊಳೆದು, ಬುತ್ತಿ ಬಿಚ್ಚಿ ಸೆಟೆದುಹೋದ ಜೋಳದ ರೊಟ್ಟಿಯನ್ನು ಮುರಿದು ನುಂಗಿ, ಚಹಾ ಕುಡಿದು, ಒಂದು ಬೀಡಿ ಸೇದಿ ಬೆಂಚಿನ ಮೇಲೆ ಉರುಳುವ ವೇಳೆಗೆ ಉಳಿದಿರುತ್ತಿದ್ದುದು ಏಳೆಂಟು ನಿಮಿಷ. ಯಂತ್ರಗಳ ಸದ್ದು ಕಿವಿಯಿಂದ ಇಳಿಯುವ ಮೊದಲೇ ಜಾಬರನ ಕೈ ಹೆಗಲ ಮೇಲೆ ಬೀಳುತ್ತಿತ್ತು. ಮಲಗಲು ಬೆಂಚು ಕೊಟ್ಟ ಕಾನೂನು ಮಲಗಲು ಹೊತ್ತನ್ನು ಕೊಡಲಿಲ್ಲ. ನಮ್ಮ ಹಿರಿಯರು ದೀರ್ಘ ಉಪವಾಸವನ್ನು ಅಭ್ಯಾಸ ಮಾಡಿದ್ದು ಅಲ್ಲಿಯೇ.

ನಾನು: ಕೆಲಸದ ಸ್ಥಳದಲ್ಲಿ ನಿದ್ರಿಸಿದ್ದಕ್ಕಾಗಿ ಕೆಲಸವನ್ನೇ ಕಳೆದುಕೊಂಡವರೂ ಇದ್ದಾರೆ.

ಮತ್ಕುಣರು: ಇದ್ದಾರೆ. 1983ರ ಆಗಸ್ಟಿನಲ್ಲಿ ಪುಣೆಯ ಕಾರ್ಖಾನೆಯೊಂದರಲ್ಲಿ ಕಬ್ಬಿಣದ ಹಲಗೆಯ ಮೇಲೆ ಮಲಗಿ ನಿದ್ರಿಸುತ್ತಿದ್ದ ನೌಕರನನ್ನು ಹಿಡಿದು, ಹಿಂದೆಯೂ ಇಂಥದೇ ತಪ್ಪು ಮಾಡಿದ್ದನೆಂದು ವಜಾ ಮಾಡಿದರು. ವಜಾ ಸರಿಯಾದದ್ದೆಂದು ಸರ್ವೋಚ್ಚ ನ್ಯಾಯಾಲಯವು 2005ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಒಬ್ಬನ ನಿದ್ರೆಯ ವಿಚಾರಣೆಗಾಗಿ ಇಪ್ಪತ್ತೊಂದು ವರ್ಷ ಕಡತಗಳು ಎಚ್ಚರವಾಗಿದ್ದವು! ಆದರೆ ಅದು ಮೊದಲನೆಯ ಪಾಳಿಯ ಹಗಲು ನಿದ್ರೆ. ನಮ್ಮ ಚರ್ಚೆಗೆ ಸೇರಿದ್ದಲ್ಲ. ಮೇಲಾಗಿ ಕಬ್ಬಿಣದ ಹಲಗೆಯಲ್ಲಿ ನಮ್ಮವರಿಗೆ ಇರಲು ಎಡೆಯಿಲ್ಲದ ಕಾರಣ ಆ ಪ್ರಕರಣದಲ್ಲಿ ನಮಗೆ ಆಸಕ್ತಿಯೂ ಇಲ್ಲ. ನನಗೆ ಆಸಕ್ತಿಯಿರುವುದು ಈ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ.

ಅಲ್ಲಿರುವುದು ನಿದ್ರಾಗೃಹ. ಅಮೆರಿಕದ ಹಗಲಿಗೆ ತಮ್ಮ ರಾತ್ರಿಯನ್ನು ತೆತ್ತ ತರುಣರು ಅಲ್ಲಿಯ ಮೆತ್ತನೆಯ ಆಸನಗಳಲ್ಲಿ ಮೈಚೆಲ್ಲುತ್ತಾರಂತೆ. ಗೋಡೆಯ ಮೇಲೆ, ಪೆಸಿಫಿಕ್ ಸಾಗರವನ್ನು ದಾಟುವ ವಿಮಾನಗಳ ಚಾಲಕರಿಗೆ ನಾಸಾದವರು ಸರದಿಯಂತೆ 40 ನಿಮಿಷಗಳ ಬಿಡುವು ಕೊಟ್ಟು ಪರೀಕ್ಷಿಸಿದುದೂ, ಸರಾಸರಿ 26 ನಿಮಿಷ ನಿದ್ರಿಸಿದ ಅವರ ಕಾರ್ಯದಕ್ಷತೆ 34 ಪ್ರತಿಶತ, ಜಾಗರೂಕತೆ 54 ಪ್ರತಿಶತ ಹೆಚ್ಚಿದುದೂ ಬಣ್ಣದ ಅಕ್ಷರಗಳಲ್ಲಿ ರಾರಾಜಿಸುತ್ತಿವೆಯಂತೆ. ಇತ್ತ ಕೆಳಗೆ, ಹನ್ನೆರಡು ಗಂಟೆಗಳ ಪಾಳಿಯ ಕಾವಲುಗಾರನು ಇದೇ ಬೆಂಚಿನ ಮೇಲೆ ಕಣ್ಣು ಮುಚ್ಚಿದೊಡನೆ ಮೇಲ್ವಿಚಾರಕನು ಸದ್ದಿಲ್ಲದೆ ಬಂದು ಮೊಬೈಲಿನಲ್ಲಿ ಅವನ ಚಿತ್ರ ತೆಗೆದು ಗುತ್ತಿಗೆದಾರನಿಗೆ ಕಳುಹಿಸುವನು. ಮರುದಿನ ಒಂದು ದಿನದ ಸಂಬಳ ಕಡಿತ. ನಾಸಾದವರ ಪರೀಕ್ಷೆ ನಾಲ್ಕನೆಯ ಮಹಡಿಯಿಂದ ಕೆಳಗಿಳಿಯುವಷ್ಟರಲ್ಲಿ ಅದೇಕೆ ಸುಳ್ಳಾಗುವುದೋ ಕಾಣೆನು. ಲಿಫ್ಟಿನಲ್ಲಿ ಕಾವಲುಗಾರರಿಗೆ ಪ್ರವೇಶವಿಲ್ಲವೆಂಬುದನ್ನು ಮಾತ್ರ ಬಲ್ಲೆನು.

ಅವರ ವಾಗ್ಝರಿಯನ್ನು ತಡೆಯುವುದು ಅಗತ್ಯವಾಯಿತು.

ನಾನು: ತಾವು ಹೇಳುವಷ್ಟು ನಿರಪಾಯಕರವಲ್ಲ ಈ ನಿದ್ರೆ. 2010ರ ಮೇ 22ರಂದು ಬೆಳಗ್ಗೆ ಆರು ಗಂಟೆ ದಾಟಿದ ಕೆಲವೇ ನಿಮಿಷಗಳಲ್ಲಿ ದುಬೈಯಿಂದ ಬಂದ ವಿಮಾನವು ಮಂಗಳೂರಿನಲ್ಲಿ ಓಡುದಾರಿಯನ್ನು ಮೀರಿ ಕಣಿವೆಗೆ ಬಿದ್ದು 158 ಜನರು ಮಡಿದರು. ವಿಮಾನದ ಮುಖ್ಯ ಚಾಲಕರು ದಾರಿಯಲ್ಲಿ ಒಂದೂವರೆ ಗಂಟೆಗೂ ಮೀರಿ ನಿದ್ರಿಸಿದ್ದರೆಂದೂ, ಆ ನಿದ್ರೆಯ ಜಡತೆಯು ಅವರ ವಿವೇಚನೆಯನ್ನು ಮಂಕುಗೊಳಿಸಿರಬಹುದೆಂದೂ ತನಿಖಾ ನ್ಯಾಯಾಲಯವು ಬರೆಯಿತು.

ಬಹಳ ಹೊತ್ತು ಉತ್ತರ ಬರಲಿಲ್ಲ. ಮತ್ತೆ ಮಾತನಾಡಿದಾಗ ಅವರ ಧ್ವನಿಯಲ್ಲಿ ಮೊದಲಿನ ವಿನೋದವಿರಲಿಲ್ಲ.

ಮತ್ಕುಣರು: ಆ ಬೆಳಗನ್ನು ಹಾಸ್ಯಕ್ಕೆ ತರಲಾರೆನು. ಆದರೆ ನಿದ್ರೆಯ ಆಳವನ್ನು ಮೈಮೇಲೆ ನಡೆದು ಅಳೆದವನ ಅನುಭವವನ್ನು ಹೇಳುತ್ತೇನೆ, ಕೇಳಿ. ಮಲಗಿದ ಮೊದಲ ಇಪ್ಪತ್ತು ನಿಮಿಷ ನಾನು ಮನುಷ್ಯನ ಹತ್ತಿರ ಸುಳಿಯುವುದಿಲ್ಲ. ಆಗ ಕಾಲಿಟ್ಟರೆ ಸಾಕು, ಕೈ ಬೀಸುತ್ತಾನೆ. ಎಬ್ಬಿಸಿದರೆ ಎದ್ದು ನೆಟ್ಟಗೆ ಕೆಲಸಕ್ಕೆ ಹೋಗುತ್ತಾನೆ. ಅರ್ಧ ಗಂಟೆ ದಾಟಿದ ಮೇಲೆ ಅವನು ಇಳಿಯುವ ಪಾತಾಳವೇ ಬೇರೆ. ಅಲ್ಲಿಂದ ಥಟ್ಟನೆ ಎಬ್ಬಿಸಿದವನ ದೇಹ ಮೊದಲು ಏಳುತ್ತದೆ, ಬುದ್ಧಿಯು ಕಾಲು ಗಂಟೆಯೋ ಅರ್ಧ ಗಂಟೆಯೋ ತಡವಾಗಿ ಬಂದು ಸೇರುತ್ತದೆ. ದೇಹದ ಶಾಖವು ತಳಮಟ್ಟಕ್ಕಿಳಿದಿರುವ ಬೆಳಗಿನ ಜಾವದಲ್ಲಂತೂ ಈ ಅಂತರ ಇನ್ನೂ ಹೆಚ್ಚು. ಆದುದರಿಂದ ಮಲಗುವವರು ಅಲ್ಪಕಾಲ ಮಲಗಲಿ. ಎದ್ದ ಮೇಲೆ ಮುಖ ತೊಳೆದು ನಾಲ್ಕು ಹೆಜ್ಜೆ ನಡೆಯಲು ಮತ್ತಷ್ಟು ಹೊತ್ತಿರಲಿ. ಅದಾಗದೆ ಯಂತ್ರದ ಮುಂದಾಗಲಿ ರೋಗಿಯ ಮುಂದಾಗಲಿ ನಿಲ್ಲುವುದು ಬೇಡ. ಈ ಸಲಹೆಯಿಂದ ನನಗೆ ಊಟ ತಪ್ಪುತ್ತದೆಂಬುದನ್ನು ದಯವಿಟ್ಟು ಗಮನಿಸಿ. ಪಕ್ಷಪಾತದ ಆರೋಪ ಹೊರಿಸಿದವರು ತಾವೇ.

ನಾನು ನಾಚಿದೆನು. ಇಂಥ ವಿರಾಮನಿದ್ರೆಗೆ ನಮ್ಮ ಪರಂಪರೆಯಲ್ಲಿ ಪೂರ್ವನಿದರ್ಶನವೇನಾದರೂ ಉಂಟೋ ಎಂದು ವಿನಯದಿಂದ ಕೇಳಿದೆನು.

ಮತ್ಕುಣರು: ಕುಂಭಕರ್ಣನ ಹೆಸರು ಬಂದರೆ ನಾನು ಎದ್ದುಹೋಗುತ್ತೇನೆ, ಆತನದು ರಜೆ, ವಿರಾಮವಲ್ಲ. ಮಹಾಭಾರತದ ದ್ರೋಣಪರ್ವವನ್ನು ನೋಡಿ. ಹದಿನಾಲ್ಕನೆಯ ದಿನದ ಯುದ್ಧವು ಸೂರ್ಯಾಸ್ತಕ್ಕೆ ನಿಲ್ಲದೆ ಪಂಜುಗಳ ಬೆಳಕಿನಲ್ಲಿ ಮುಂದುವರಿದು, ಘಟೋತ್ಕಚನು ಬಿದ್ದು, ಯೋಧರು ತೂಕಡಿಸುತ್ತ ತಮ್ಮವರನ್ನೇ ಕೊಲ್ಲತೊಡಗಿದಾಗ, ಚಂದ್ರೋದಯವಾಗುವವರೆಗೆ ಎಲ್ಲರೂ ರಣರಂಗದಲ್ಲಿಯೇ ಮಲಗಿರೆಂದು ಸಾರಿದವನು ಅರ್ಜುನ. ಶತ್ರುಸೈನ್ಯವೂ ಅವನನ್ನು ಹರಸಿ, ಆನೆಯ ಮೇಲೆ, ಕುದುರೆಯ ಮೇಲೆ, ರಥದಲ್ಲಿ ಮಲಗಿತು. ಅವಧಿ ಗೊತ್ತು, ಎಬ್ಬಿಸಲು ಚಂದ್ರನು ಗೊತ್ತು, ಅಪ್ಪಣೆ ಬಹಿರಂಗ. ಯಾರೂ ಯಾರ ಚಿತ್ರವನ್ನೂ ತೆಗೆಯಲಿಲ್ಲ. ಯುದ್ಧ ಮುಗಿಯಿತೆಂದು ಎಲ್ಲರೂ ಒಟ್ಟಿಗೆ ಮೈಮರೆತ ರಾತ್ರಿ ಅಶ್ವತ್ಥಾಮನು ಬಂದನೆಂಬುದೂ ಅಷ್ಟೇ ನಿಜ. ಆದ್ದರಿಂದ ಸರದಿಯ ಮೇಲೆ ಮಲಗಬೇಕು. ಜಪಾನಿನ ಆಸ್ಪತ್ರೆಗಳಲ್ಲಿ ಹದಿನಾರು ಗಂಟೆಗಳ ರಾತ್ರಿಪಾಳಿ ಮಾಡುವ ದಾದಿಯರು ಹೀಗೆಯೇ ಮಲಗುತ್ತಾರೆ. ಒಬ್ಬಳು ಮಲಗಿದರೆ ಇನ್ನೊಬ್ಬಳು ವಾರ್ಡು ನೋಡಿಕೊಳ್ಳುವಳು. ಇದಕ್ಕೆ ಇಬ್ಬರು ಬೇಕು. ಇಬ್ಬರಿಗೆ ಸಂಬಳ ಕೊಡಬೇಕಾಗುವುದೆಂಬುದೇ ಇಡೀ ಚರ್ಚೆಯ ಗುಟ್ಟು. ನಿದ್ರೆಯ ಶಾಸ್ತ್ರವೆಲ್ಲ ಅದರ ಮೇಲಿನ ಹೊದಿಕೆ.

ಗೇಟಿನ ಕಡೆಯಿಂದ ಬೂಟುಗಳ ಸದ್ದು ಕೇಳತೊಡಗಿದ್ದರಿಂದ, ಸರಕಾರಕ್ಕೆ ಸಲ್ಲಿಸಬೇಕಾದ ಬೇಡಿಕೆಗಳೇನಾದರೂ ಇದ್ದರೆ ಬೇಗನೆ ಹೇಳಬೇಕೆಂದು ಕೋರಿದೆನು.

ಮತ್ಕುಣರು: ಬರೆದುಕೊಳ್ಳಿ. ರಾತ್ರಿಪಾಳಿಯ ವಿರಾಮವು ಅರ್ಧ ಗಂಟೆಯ ಬದಲು ಒಂದು ಗಂಟೆಯಿರತಕ್ಕದ್ದು. ಒಬ್ಬನೇ ಕಾವಲಿರುವ ಕಡೆ ಇಬ್ಬರಿರತಕ್ಕದ್ದು. ನಾಲ್ಕನೆಯ ಮಹಡಿಯ ಭಿತ್ತಿಪತ್ರದ ಒಂದು ಪ್ರತಿಯನ್ನು ಈ ತಗಡಿನ ಮೇಲೂ ಅಂಟಿಸತಕ್ಕದ್ದು. ಕೊಠಡಿಯನ್ನು ಶುಚಿಯಾಗಿಡುವ ಕಲಮನ್ನು ಮಾತ್ರ ಹಿಂದಿನಂತೆಯೇ ಓದದೆ ಬಿಡತಕ್ಕದ್ದು. ಸೀಮೆಎಣ್ಣೆ, ಕುದಿನೀರು, ಬಿಸಿಲು ಇವುಗಳ ಪ್ರಸ್ತಾಪವೇ ಬೇಡ. ಹೊಸ ಬೆಂಚು ಮಾಡಿಸುವುದಾದರೆ ಹಳೆಯ ಮರದ್ದೇ ಆಗಿರಲಿ, ಕೀಲುಗಳು ಸ್ವಲ್ಪ ಸಡಿಲವಾಗಿರಲಿ. ಕಬ್ಬಿಣದ್ದು ಬೇಡವೆಂಬುದನ್ನು ದಪ್ಪಕ್ಷರದಲ್ಲಿ ಹಾಕಿಸಿ.