ಸ್ಟ್ರೆಸ್ ಮೇಷ್ಟ್ರು

ನಂಗಲಿಯಲ್ಲಿ ಬಸ್ಸಿಳಿದು "ಸ್ಟ್ರೆಸ್ ಮೇಷ್ಟ್ರು ಎಲ್ಲಿ?" ಅಂತ ಕನ್ನಡದಲ್ಲಿ ಕೇಳಿ, ತೆಲುಗಿನಲ್ಲಿ ಕೇಳಿ, ಹೆದ್ದಾರಿ ಬದಿಯ ಟೀ ಅಂಗಡಿಯ ಕಡೆಗೇ ಕೈ ತೋರಿಸುತ್ತಾರೆ. ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಜೇಬಿನಲ್ಲಿ ಈಗಲೂ ಕೆಂಪು ಪೆನ್ನು. ಹರೆಯದಲ್ಲಿ ಬೆಂಗಳೂರಿಗೆ ಇಂಗ್ಲಿಷ್ ತರಬೇತಿಗೆ ಹೋಗಿದ್ದರು. ಜೊತೆಯವರೆಲ್ಲ ಸರ್ಟಿಫಿಕೇಟು, ಟಿಎ-ಡಿಎ ತಂದರು. ಇವರು ಸ್ಟ್ರೆಸ್ ತಂದರು: ಇಂಗ್ಲಿಷ್ ಪದದ ಯಾವ ಸಿಲಬಲ್ಲನ್ನು ಒತ್ತಿ ನುಡಿಯಬೇಕು ಅನ್ನುವ ಲೆಕ್ಕ.

ಫೋಟೋ ಸ್ಟುಡಿಯೋದವನಿಗೆ ಪಾಠ: "ಫೋಟೋಗ್ರಾಫ್ ಅಂದಾಗ ಮೊದಲನೇ ಸಿಲಬಲ್ಲಿಗೆ ಸ್ಟ್ರೆಸ್. ಫೋಟೋಗ್ರಾಫರ್ ಅಂದಾಗ ಎರಡನೇದಕ್ಕೆ. ಫೋಟೋಗ್ರಾಫಿಕ್ ಅಂದರೆ ಮೂರನೇದಕ್ಕೆ!" ಅವನು ಕ್ಯಾಮೆರಾದಿಂದ ಕಣ್ಣು ತೆಗೆಯದೆ, "ಎಲ್ಲಾದ್ರೂ ಇರಲಿ ಸಾರ್, ಗದ್ದ ಸ್ವಲ್ಪ ಮೇಲೆ."

ವಡ್ಡಹಳ್ಳಿ ಮಾರ್ಕೆಟ್ಟಿಗೆ ಹೊರಟ ರೈತನನ್ನೂ ಬಿಡರು. "ಟೊಮಾಟೊದಲ್ಲಿ ಸ್ಟ್ರೆಸ್ಸು ನಡುವೆ ಕಣಯ್ಯ." "ಬಾಕ್ಸಿನ ರೇಟು ಬಿದ್ದರೆ ಪೂರ್ತಿ ನಮ್ಮ ಮೇಲೇ ಸಾರ್."

ಹೇಳುವುದೆಲ್ಲ ಸರಿಯೇ ಅನ್ನುವುದು ಇನ್ನೂ ಕಷ್ಟ. ಅಕ್ಷರಕ್ಕೆ ಅಕ್ಷರ ಪಾಲು ಕೊಟ್ಟು ನುಡಿಯುವ ನಾವು 'ವೆಜಿಟೇಬಲ್' ಎಂದು ಬಿಡಿಸಿಟ್ಟರೆ ಇಂಗ್ಲಿಷಿನವನು 'ವೆಜ್‌ಟಬಲ್' ಎಂದು ನುಂಗಿಬಿಡುತ್ತಾನೆ.

ಹೊಸಬರು ಸಿಕ್ಕಿದರೆ ಬ್ರಹ್ಮಾಸ್ತ್ರ: ಆಂಟಿಡಿಸ್‌ಎಸ್ಟಾಬ್ಲಿಷ್‌ಮೆಂಟೇರಿಯನಿಸಂ. ಇಂಗ್ಲಿಷಿನಲ್ಲಿ ಬರೆದರೆ 28 ಅಕ್ಷರ, 12 ಸಿಲಬಲ್, ಮುಖ್ಯ ಸ್ಟ್ರೆಸ್ಸು 'ಟೇ' ಮೇಲೆ. 'ಎಸ್ಟಾಬ್ಲಿಷ್' ಮನೆ ಯಜಮಾನ. ಜಗಲಿಯಲ್ಲಿ 'ಆಂಟಿ', 'ಡಿಸ್' ಕೂತಿದ್ದಾರೆ. ಹಿತ್ತಿಲಲ್ಲಿ 'ಮೆಂಟ್', 'ಏರಿಯನ್', 'ಇಸಂ' ಒಂದರ ಬಾಲ ಒಂದು ಹಿಡಿದಿವೆ. ಇಂಗ್ಲೆಂಡಿನ ಚರ್ಚಿಗಿರುವ ಸರ್ಕಾರಿ ಮಾನ್ಯತೆ ತೆಗೆಯಬಾರದು ಅನ್ನುವ ವಾದವಂತೆ. ನಂಗಲಿಯಲ್ಲಿ ಅದರ ಅಗತ್ಯ ಇನ್ನೂ ಯಾರಿಗೂ ಬಿದ್ದಿಲ್ಲ. ಟೀ ಅಂಗಡಿಯವನು ಮಾತ್ರ ಆರುತ್ತಿರುವ ಲೋಟ ತೋರಿಸಿ ತೆಲುಗಿನಲ್ಲಿ, "ಸಾರ್, ಟೀ ಚಲ್ಲಾರಿಪೋತಾ ಉಂದಿ."

ಒಂದು ಸಂಜೆ ಕನ್ನಡ ಪಂಡಿತರು ಕೆಣಕಿದರು. "ನಮ್ಮದೂ ಒಂದಿದೆ ತಗೊಳ್ಳಿ. ಹೊಯ್ಸಳ ವಿಷ್ಣುವರ್ಧನನ ಬಿರುದು, ಶಾಸನದ್ದು: ತಲಕಾಡುಕೊಂಗುನಂಗಲಿಗಂಗವಾಡಿನೊಳಂಬವಾಡಿಬನವಾಸಿಹಾನುಂಗಲ್ಲುಗೊಂಡ. ಒಂದೇ ಉಸಿರಿಗೆ!" ಗೆದ್ದ ಊರು-ನಾಡುಗಳನ್ನೆಲ್ಲ ಪೋಣಿಸಿ ಕೊನೆಗೊಂದು 'ಗೊಂಡ'. ಆ ರಾಜ್ಯಕ್ಕೆ ಮೂಡಣ ಎಲ್ಲೆ ಇದೇ ನಂಗಲಿ ಘಟ್ಟ.

ಮೇಷ್ಟ್ರು ಬೆರಳು ಮಡಚಿ ಎಣಿಸಿದರು. "ಸ್ಟ್ರೆಸ್ ಎಲ್ಲಿ?"

"ಗುರು ಇದೆ, ಲಘು ಇದೆ. ನಿಮ್ಮ ಸ್ಟ್ರೆಸ್ ಇಲ್ಲ."

"ಇಷ್ಟುದ್ದದ ಪದಕ್ಕೆ ಇಲ್ಲದೆ ಇರುತ್ತಾ?" ಎಂದು ಅದನ್ನು ಪೇಪರಿನ ಅಂಚಿನಲ್ಲಿ ಬರೆದುಕೊಂಡರು. ಎರಡನೇ ಟೀ ಮುಗಿಯುವವರೆಗೂ ಗೊಣಗಿದರು. ಆಮೇಲೆ ಕೆಂಪು ಪೆನ್ನು ತೆಗೆದು 'ನಂ' ಪಕ್ಕಕ್ಕೆ ಗೀಟು ಹಾಕಿದರು.