ಮಾಸ್ತರರಲ್ಲದ ಮಾಸ್ತರರು

ಮಾಸ್ತರಿಕೆ ಬಿಟ್ಟ ಮಾಸ್ತರರಿಗೆ ಒಳ್ಳೆಯ ಭವಿಷ್ಯವಿದೆ. ನಂಬದವರು ಹುಬ್ಬಳ್ಳಿಯ ಕಡೆ ನೋಡಬೇಕು. ಲ್ಯಾಮಿಂಗ್ಟನ್ ಶಾಲೆಯಲ್ಲಿ ಪೀಟಿ ಮಾಸ್ತರರಾಗಿದ್ದ ಬಸವರಾಜ ಹೊರಟ್ಟಿಯವರು 1980ರಲ್ಲಿ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಹೋದರು. ಹೋದವರು ಅಲ್ಲೇ ನಿಂತರು. 2022ಕ್ಕೆ ಎಂಟನೇ ಗೆಲುವು. ನಡುವೆ ಶಿಕ್ಷಣ ಮಂತ್ರಿ, ಆಮೇಲೆ ಸಭಾಪತಿ. ಜೆಡಿಎಸ್ ಹೋಗಿ ಬಿಜೆಪಿ ಬಂತು, ಕ್ಷೇತ್ರ ಮಾತ್ರ ಕದಲಲಿಲ್ಲ. ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಬೆವರು ಒರೆಸಿಕೊಳ್ಳುವ ಮಾಸ್ತರರು ಇಂಥ ಪೋಸ್ಟಿಂಗ್ ಕಂಡು ಹೊಟ್ಟೆಕಿಚ್ಚು ಪಟ್ಟರೆ ತಪ್ಪೇನಿಲ್ಲ.

ಅಲ್ಲಿಯ ಕ್ಲಾಸೂ ಸುಲಭದ್ದಲ್ಲ. ಹುಡುಗರನ್ನು ಸಾಲಿಗೆ ನಿಲ್ಲಿಸಿದ್ದವರೇ 2025ರ ಮಾರ್ಚ್‌ನಲ್ಲಿ ಸದನದ ನಡವಳಿಕೆಗೆ ಬೇಸತ್ತು ರಾಜೀನಾಮೆಯ ಮಾತಾಡಿದರು. ಅದು ಹಿರಿಯರ ಮನೆ. ಹಿರಿಯರು ಯಾರು ಸೀಟಿ ಊದಿದರೂ ನಿಲ್ಲುವುದಿಲ್ಲ.

ಹಾವೇರಿ ಜಿಲ್ಲೆಯೂ ಹೊರಟ್ಟಿಯವರ ಕ್ಷೇತ್ರದ್ದೇ. ಅಂದಮೇಲೆ ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯೂ. ಎಲ್ಲ ಊರಿನವರಂತೆ ಇಲ್ಲಿಯ ಪ್ರಾಥಮಿಕ ಶಾಲೆ ಮಾಸ್ತರರಿಗೂ ಮೊಟ್ಟೆ ಎಣಿಸುವುದು, ಮತದಾರರ ಪಟ್ಟಿ ತಿದ್ದುವುದು ಪಾಠದ ಜೊತೆಗಿನ ಪಾಲು. 2025ರ ದಸರಾ ರಜೆಯಲ್ಲಿ ರಾಜ್ಯದ ಮಾಸ್ತರರು ಸಮೀಕ್ಷೆಗೆಂದು ಮನೆಮನೆ ತಿರುಗಿ ಜಾತಿ ಬರೆದುಕೊಂಡರು. ಇಷ್ಟೆಲ್ಲ ಎಣಿಸುವವರನ್ನು ಶಿಕ್ಷಕರ ಕ್ಷೇತ್ರ ಎಣಿಸುವುದೇ ಇಲ್ಲ. ಸಂವಿಧಾನದ 171ನೇ ವಿಧಿಯಂತೆ ಪ್ರೌಢಶಾಲೆಗಿಂತ ಕೆಳಗೆ ಕಲಿಸುವವರಿಗೆ ಇಲ್ಲಿ ಓಟಿಲ್ಲ. ಅ ಆ ತಿದ್ದಿಸಿದವರು ಹೊರಗೆ. ತಿದ್ದಿದ ಹುಡುಗ ಬೆಳೆದು ಹೈಸ್ಕೂಲು ಮಾಸ್ತರನಾದರೆ ಒಳಗೆ.

"ಯಾಕ್ರೀ ಮಾಸ್ತರ್, ಓಟ್ ಹಾಕಾಕ ಹೋಗ್ಲಿಲ್ಲೇನ್ರಿ?" ಎಂದು ಕಟ್ಟಿ ಮೇಲಿನವರು ಕೇಳಿದರೆ ಉತ್ತರ ಒಂದೇ: "ನಾವು ಮಾಸ್ತರಲ್ರೀ, ಬರೇ ಸಾಲಿ ಕಲಸ್ತೇವ್ರಿ."

ಇನ್ನೂ ಮಜಾ ಇದೆ. ಈ ಓಟು ಹಾಕಲು ಹಿಂದಿನ ಆರು ವರ್ಷದಲ್ಲಿ ಮೂರು ವರ್ಷ ಪಾಠ ಮಾಡಿರಬೇಕು. ಓಟು ಕೇಳಲು ಅದೇನೂ ಬೇಡ. ಮೂವತ್ತು ತುಂಬಿ ಸಾಮಾನ್ಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ, ಜೀವಮಾನದಲ್ಲಿ ಖಡು ಮುಟ್ಟದ ಲೇಔಟ್ ಸಾಹುಕಾರನೂ ಶಿಕ್ಷಕರ ಪ್ರತಿನಿಧಿಯಾಗಬಹುದು. ಹೊರಟ್ಟಿಯವರು ಒಂದು ಕಾಲಕ್ಕಾದರೂ ಶಾಲೆಯ ಮೈದಾನದಲ್ಲಿ ನಿಂತವರು. ಅಷ್ಟರಮಟ್ಟಿಗೆ ಅವರದು ಅಪರೂಪದ ಹೆಚ್ಚುವರಿ ಅರ್ಹತೆ.

ಹಕ್ಕಿದ್ದವರ ಕೈಚಳಕವೂ ಕಡಿಮೆಯಿಲ್ಲ. ಅಭ್ಯರ್ಥಿಗಳ ಮುಂದೆ 1, 2, 3 ಎಂದು ಬರೆಯುವುದಷ್ಟೇ ಕೆಲಸ. ಆದರೂ ಎಣಿಕೆಯ ಮೇಜಿನ ಮೇಲೆ ತಿರಸ್ಕೃತ ಮತಗಳ ಕಟ್ಟು ಬಂದೇ ಬರುತ್ತದೆ. ಹುಡುಗರನ್ನು ಅರ್ಧ ಮಾರ್ಕಿಗೆ ನಪಾಸು ಮಾಡಿದವರು ಒಂದನ್ನು ಎಲ್ಲಿ ಬರೆಯಬೇಕೆಂಬಲ್ಲೇ ನಪಾಸು.

ಪಶ್ಚಿಮ ಶಿಕ್ಷಕರ ಕ್ಷೇತ್ರದ ಮುಂದಿನ ಚುನಾವಣೆ 2028ಕ್ಕೆ. ಸಂವಿಧಾನಕ್ಕೆ ತಿದ್ದುಪಡಿ ಆಗದಿದ್ದರೆ ಮೇಡ್ಲೇರಿಯ ಒಂದನೇ ತರಗತಿ ಮಾಸ್ತರರಿಗೆ ಆಗಲೂ ಓಟಿಲ್ಲ.