ಕೊನೆಗೌಡನ ತೊಡೆಯಲ್ಲೊಂದು ಪವರ್‌ಹೌಸು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಕೊನೆಕೊಯ್ಲು ಶುರುವಾದರೆ, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರ ದರ್ಶನ ಮಾರಿಕಾಂಬೆಯ ದರ್ಶನಕ್ಕಿಂತ ಕಷ್ಟ. ನಮಗೂ ಸಿಗಲಿಲ್ಲ, ಮರದ ಮೇಲಿದ್ದರು. ಅವರ ತೊಡೆಯ ಸ್ನಾಯುವಿನ ಒಂದು ಮೈಟೊಕಾಂಡ್ರಿಯವನ್ನೇ ಮಾತಾಡಿಸಿದೆವು.

ನಿಮ್ಮ ಕೆಲಸ?

ಬೆಳಗ್ಗೆ ತಿಂದ ದೋಸೆ ಗ್ಲೂಕೋಸಾಗಿ ಜೀವಕೋಶಕ್ಕೆ ಬರುತ್ತದೆ. ನಮ್ಮ ಬಾಗಿಲಾಚೆಯೇ ಅದನ್ನು ಎರಡು ಪೈರುವೇಟ್ ಮಾಡುತ್ತಾರೆ. ಅಲ್ಲಿನ ಲಾಭ ಬರೇ 2 ಎಟಿಪಿ, ಅಂದರೆ ಕೋಶದೊಳಗೆ ಚಲಾವಣೆಯಾಗುವ ಶಕ್ತಿಯ ನಾಣ್ಯ. ಮಿಕ್ಕಿದ್ದು ನಮ್ಮ ದುಡಿಮೆ, ಒಟ್ಟು 30–32. ಶಾಲೆಯಲ್ಲಿ 38 ಅಂತ ಬಾಯಿಪಾಠ ಮಾಡಿಸುತ್ತಿದ್ದರು. ಸೋರಿಕೆಯನ್ನು ಲೆಕ್ಕಕ್ಕೆ ಹಿಡಿಯುವ ಅಭ್ಯಾಸ ನಮ್ಮ ದೇಶದಲ್ಲಿ ಎಲ್ಲಿದೆ?

ಸಕ್ಕರೆಗೆ ಬೆಂಕಿ ಹಚ್ಚಿದರೂ ಅಷ್ಟೇ ಶಕ್ತಿಯಲ್ಲವೇ?

ಅಷ್ಟೇ. ತೊಡೆ ಬೆಂದುಹೋಗುತ್ತದೆ! ನಾವು ಎಲೆಕ್ಟ್ರಾನುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತೇವೆ. ಆ ಶಕ್ತಿಯಿಂದ ಪ್ರೋಟಾನುಗಳನ್ನು ಒಳಪೊರೆಯಾಚೆ ಪಂಪ್ ಮಾಡಿ, ಕೊಡಸಳ್ಳಿಯಲ್ಲಿ ಕಾಳಿ ನದಿಯನ್ನು ತಡೆದ ಹಾಗೆ ತುಂಬಿಡುತ್ತೇವೆ. ಅವು ವಾಪಸು ನುಗ್ಗುವಾಗ ಎಟಿಪಿ ಸಿಂಥೇಸ್ ಎಂಬ ಟರ್ಬೈನು ನಿಜವಾಗಿಯೂ ತಿರುಗುತ್ತದೆ, ಸುತ್ತಿಗೆ 3 ಎಟಿಪಿ. ನಮ್ಮ ಕಟ್ಟೆಗೆ ಯಾರ ಊರೂ ಮುಳುಗಿಲ್ಲ, ಅದೊಂದು ವ್ಯತ್ಯಾಸ. 1961ರಲ್ಲಿ ಪೀಟರ್ ಮಿಚೆಲ್ ಈ ಪ್ರೋಟಾನ್ ಕಟ್ಟೆಯ ವಿಚಾರ ಹೇಳಿದಾಗ ಬಹಳ ಮಂದಿ ನಂಬಲಿಲ್ಲ. 1978ರಲ್ಲಿ ನೊಬೆಲ್ ಬಂದಾಗ ಎಲ್ಲರಿಗೂ ಮೊದಲೇ ಗೊತ್ತಿತ್ತಂತೆ.

ಆಮ್ಲಜನಕದ ಪಾತ್ರ?

ಇಳಿದು ಬಂದ ಎಲೆಕ್ಟ್ರಾನನ್ನು ಯಾರಾದರೂ ಒಯ್ಯಬೇಕಲ್ಲ? ಅದು ಒಯ್ದು ನೀರಾಗುತ್ತದೆ. ಅದು ಬರಲಿಲ್ಲವೋ, ಸಾಲೆಲ್ಲ ಸ್ಥಗಿತ. ಗೌಡರು ಭರದಿಂದ ಹತ್ತಿದರೆ ನಮ್ಮ ವೇಗ ಸಾಲುವುದಿಲ್ಲ. ಆಗ ಕೋಶ ಲ್ಯಾಕ್ಟೇಟಿನ ದಾರಿ ಹಿಡಿಯುತ್ತದೆ. ಅಲ್ಲಿ ಗಿಟ್ಟುವುದು ಅದೇ 2. ಆಮೇಲೆ ತುದಿಯಲ್ಲಿ ನಿಂತು ಏದುಸಿರು ಬಿಟ್ಟು ಬಾಕಿ ತೀರಿಸಬೇಕು. ಸರಿಯಾಗಿ ಆಗಲೇ ಕೆಳಗಿನಿಂದ ತೋಟದ ಹೆಗಡೇರ ಕೂಗು: "ಮೇಲೆ ನಿಂತ್ಕಂಡು ಎಂತ ಮಾಡ್ತಿದ್ದೀಯೋ ಮಾರಾಯಾ?"

ಅದಕ್ಕೇ ಮರದಿಂದ ಮರಕ್ಕೆ ತುದಿಯಲ್ಲೇ ದಾಟುವುದೇ?

ಮತ್ತೆ? ಇಳಿದು ಹತ್ತುವ ಎಟಿಪಿ ಕೂಲಿಯಲ್ಲಿ ಸೇರಿಲ್ಲ.

ಹೆಗಡೇರ ಕಾಲಲ್ಲೂ ನಿಮ್ಮವರಿದ್ದಾರಲ್ಲ?

ಇದ್ದಾರೆ. ಮನೆಯಿಂದ ತೋಟಕ್ಕೂ ಬೈಕು ಬಂದ ಮೇಲೆ ಸಂಖ್ಯೆ ಇಳಿದಿದೆ. ಕೆಲಸವಿಲ್ಲದಿದ್ದರೆ ಜೀವಕೋಶ ನಮ್ಮನ್ನು ಸಾಕುವುದಿಲ್ಲ. ಗಂಟಲಿನವರು ಮಾತ್ರ ಪಾಪ, ಈಗಲೂ ಎರಡು ಪಾಳಿ ದುಡಿಯುತ್ತಿದ್ದಾರೆ.